ಬಸದಿಗೆ ಹೋಗಿ ಬರುವ ದಿನ

ನಮ್ಮ ಮನೆಯಲ್ಲಿ ಸೋಸದ ನೀರನ್ನು ಯಾರೂ ಕುಡಿಯುತ್ತಿರಲಿಲ್ಲ. ಬಾವಿಯಿಂದ ಸೇದಿದ ನೀರನ್ನು ಎರಡು ಮಡಿಕೆಯ ಬಿಳಿ ಬಟ್ಟೆಯಲ್ಲಿ ಹಾಯಿಸಬೇಕು. ಆಮೇಲೆ ಆ ಬಟ್ಟೆಯನ್ನು ಹಿಂಡದೆ ಮಗುಚಿ, ಸೋಸಿದ ನೀರಿನಿಂದಲೇ ತೊಳೆದು, ತೊಳೆದ ನೀರನ್ನು ಕೊಡದಲ್ಲಿ ಇಳಿಸಿ ಬಾವಿಗೇ ಬಿಡಬೇಕು. ಕಣ್ಣಿಗೆ ಕಾಣದ ಜೀವಗಳು ಬಟ್ಟೆಗೆ ಅಂಟಿರುತ್ತವೆ, ಮೇಲಿನಿಂದ ಸುರಿದರೆ ಬಿದ್ದ ಪೆಟ್ಟಿಗೆ ಸಾಯುತ್ತವೆ ಎಂದು ಅಜ್ಜ ಹೇಳುತ್ತಿದ್ದರು. ಏಳನೇ ವಯಸ್ಸಿನಿಂದ ಅದು ನನ್ನ ಬೆಳಗಿನ ಕೆಲಸ. ಅದನ್ನು ನಾನು ಚೆನ್ನಾಗಿ ಮಾಡುತ್ತಿದ್ದೆ.

ಮೈಸೂರು ರಸ್ತೆಯಲ್ಲಿ ಪೊನ್ಕುಳಿಯ ಹತ್ತಿರ ಬಸ್ಸಿಳಿದು ಒಂದು ಮೈಲಿ ಒಳಗೆ ನಡೆದರೆ ನಮ್ಮ ಮನೆ. ಮೂರು ಕಡೆ ಕಾಡು, ಒಂದು ಕಡೆ ಇಳಿಜಾರಿನ ಕೆಳಗೆ ಗದ್ದೆ. ಮನೆಯಲ್ಲಿ ಅಜ್ಜ, ಅಮ್ಮ, ನಾನು ಮೂವರೇ. ಅಪ್ಪ ನಾನು ನಡೆಯಲು ಕಲಿಯುವ ಮೊದಲೇ ತೀರಿಕೊಂಡಿದ್ದರು. ನಮ್ಮವರು ಕರ್ನಾಟಕದಿಂದ ಬಂದು ಎಷ್ಟೋ ತಲೆಮಾರು ಕಳೆದಿದ್ದರೂ ಮನೆಯ ಮಾತು ಕನ್ನಡ, ಶಾಲೆಯದು ಮಲಯಾಳ. ಆಗ ಜಿಲ್ಲೆ ಹೊಸದು. ಶಾಲೆಯಲ್ಲಿ ಹೊಸ ಜಿಲ್ಲೆಯ ನಕ್ಷೆ ಬರೆಸಿದ ಟೀಚರ್ ಗಡಿಯನ್ನು ದಪ್ಪಗೆ ತಿದ್ದಿ ಎಂದರು. ತಿದ್ದಿದ ಮೇಲೆ ನಮ್ಮ ಮನೆ ಇರಬೇಕಾದ ಜಾಗ ಗೆರೆಯ ಕೆಳಗೆ ಮುಚ್ಚಿಹೋಯಿತು.

ಗದ್ದೆ ಕಾಯಲು ಒಬ್ಬರಿದ್ದರು. ಐವತ್ತು ದಾಟಿದ ತೆಳ್ಳನೆಯ ಮನುಷ್ಯ. ಗದ್ದೆಯಂಚಿನ ಮರದ ಮೇಲೆ ಕಟ್ಟಿದ ಏರುಮಾಡದಲ್ಲಿ ಕಾವಲು, ಅದರ ಕೆಳಗಿನ ಗುಡಿಸಿಲಿನಲ್ಲಿ ಸಂಸಾರ, ಎರಡು ನಾಯಿ. ತಮಾಷೆಯ ಮಾತು ಅವರ ಬಾಯಲ್ಲೇ ಇರುತ್ತಿತ್ತು. "ಗೌಡ್ರ ಮನೇಲಿ ಸೊಳ್ಳೆಗೂ ಪಿಂಚಣಿ ಉಂಟು. ನಮ್ಮ ಕಡೆ ಬಂದ್ರೆ ಒಂದೇ ಪೆಟ್ಟು" ಎಂದು ನನ್ನನ್ನು ರೇಗಿಸುತ್ತಿದ್ದರು. ಅಜ್ಜನ ಎದುರಿಗೆ ಮಾತ್ರ ಅಂಗಳದ ಅಂಚು ದಾಟುತ್ತಿರಲಿಲ್ಲ.

ತೆನೆ ಹಾಲುಗಟ್ಟುವ ಹೊತ್ತಿಗೆ ಅವರು ಒಂದು ಸಂಜೆ ಆ ಅಂಚಿನಲ್ಲಿ ಬಂದು ನಿಲ್ಲುತ್ತಿದ್ದರು. ನಾವು ಹೊತ್ತು ಮುಳುಗುವ ಮೊದಲೇ ಊಟ ಮುಗಿಸುವವರು. ಅಜ್ಜ ಕೈ ತೊಳೆದು ಹೊರಗೆ ಬರುವುದನ್ನು ಕಾದು ಹೇಳುತ್ತಿದ್ದರು.

"ಗೌಡ್ರೆ, ಒಂದು ಶಲ್ಯ ಉಂಟು."

ಶಲ್ಯ ಎಂದರೆ ಕಾಟ. ಹಂದಿಯೋ ಜಿಂಕೆಯೋ ಅವರು ಹೇಳುತ್ತಿರಲಿಲ್ಲ, ಅಜ್ಜ ಕೇಳುತ್ತಿರಲಿಲ್ಲ.

"ನಾಳೆ ನಾವು ಬಸದಿಗೆ ಹೋಗಿ ಬರ್ತೇವೆ" ಎನ್ನುತ್ತಿದ್ದರು ಅಜ್ಜ.

ಅಷ್ಟೇ. ಮರುದಿನ ಬೆಳಗಿನ ಬಸ್ಸಿಗೆ ಮೂವರೂ ಬಿಳಿ ಬಟ್ಟೆಯಲ್ಲಿ ಹೊರಡುತ್ತಿದ್ದೆವು. ಅಭಿಷೇಕ ನೋಡಿ, ಅಕ್ಕಿ ಅರ್ಪಿಸಿ, ಮಧ್ಯಾಹ್ನದ ಬಸ್ಸಿಗೆ ಮರಳುತ್ತಿದ್ದೆವು. ಆಮೇಲೆ ಕಾಟ ಇರುತ್ತಿರಲಿಲ್ಲ. ನಮ್ಮ ಪ್ರಾರ್ಥನೆಗೆ ಹಂದಿಗಳು ಕಾಡಿಗೆ ಹಿಂತಿರುಗುತ್ತವೆ ಎಂದು ನಾನು ನಂಬಿದ್ದೆ. ಶಾಲೆಯಲ್ಲಿ ಪಕ್ಕದ ಹುಡುಗಿಗೆ ಇದನ್ನು ಹೇಳಿಯೂ ಇದ್ದೆ. ಅವರ ಮನೆಯ ಮರಗೆಣಸನ್ನು ಹಂದಿ ತಿಂದಿತ್ತು. ನೀವೂ ಬಸದಿಗೆ ಹೋಗಿ ಎಂದಿದ್ದೆ. ಅವಳು ತನ್ನ ಅಪ್ಪನನ್ನು ಕೇಳಿಕೊಂಡು ಬಂದು, "ಅಪ್ಪ ನಕ್ಕರು" ಎಂದಳು. ಯಾಕೆ ನಕ್ಕರು ಎಂದು ಅವಳಿಗೂ ಗೊತ್ತಿರಲಿಲ್ಲ.

ನಾನು ಆರನೇ ತರಗತಿಯಲ್ಲಿದ್ದಾಗ ಅಂಥ ಒಂದು ದಿನ ಮುತ್ತಂಗದ ಬಳಿ ಆನೆ ರಸ್ತೆಗೆ ಅಡ್ಡ ನಿಂತಿತು. ಒಂದು ಗಂಟೆ ಕಾದ ಡ್ರೈವರ್ ಬಸ್ಸನ್ನು ಹಿಂದಕ್ಕೆ ತಿರುಗಿಸಿದ. ಅಜ್ಜನಿಗೆ ಕಸಿವಿಸಿಯಾಯಿತು. ಪೊನ್ಕುಳಿಯಲ್ಲಿ ಇಳಿದ ಮೇಲೆ ಅಲ್ಲಿನ ಗುಡಿಯ ಕಟ್ಟೆಯ ಮೇಲೆ ಕುಳಿತುಬಿಟ್ಟರು. "ಸ್ವಲ್ಪ ಹೊತ್ತು ಕೂರೋಣ. ಬಿಸಿಲು ಇಳಿಯಲಿ" ಎಂದರು. ಡಿಸೆಂಬರಿನ ಬೆಳಿಗ್ಗೆ ಹತ್ತು ಗಂಟೆ, ಬಿಸಿಲೇ ಇರಲಿಲ್ಲ. ಅಮ್ಮ ಅವರ ಪಕ್ಕ ಕುಳಿತಳು. ನನಗೆ ಹೊಟ್ಟೆ ಹಸಿದಿತ್ತು. ನಾನು ಓಡಿದೆ. ಅಮ್ಮ ಹಿಂದಿನಿಂದ ಎರಡು ಸಲ ಕೂಗಿದ್ದು ಕೇಳಿಸಿತು.

ಗದ್ದೆಯ ಅಡ್ಡದಾರಿಯಲ್ಲಿ ಬಂದೆ. ಬದುವಿನ ಮೇಲೆ ಕಾವಲಿನವರು ಕುಕ್ಕರುಗಾಲಲ್ಲಿ ಕುಳಿತಿದ್ದರು. ಎದುರಿಗೆ ಚುಕ್ಕೆಯ ಹೆಣ್ಣು ಜಿಂಕೆ. ಕುತ್ತಿಗೆಯಲ್ಲಿ ತಂತಿಯ ಉರುಳು ಇನ್ನೂ ಇತ್ತು. ಹೊಟ್ಟೆ ಸೀಳಿ ಆಗಿತ್ತು, ನಾಯಿಗಳು ಬಾಲ ಆಡಿಸುತ್ತಾ ಕಾದಿದ್ದವು. ಹತ್ತು ಮಾರು ದೂರದ ಲಾಂಟಾನದ ಬುಡದಲ್ಲಿ ಒಂದು ಮರಿ ನಿಂತಿತ್ತು. ಓಡಲು ಅದಕ್ಕೆ ತಿಳಿಯುತ್ತಿರಲಿಲ್ಲ.

ಅವರು ತಲೆ ಎತ್ತಿದರು. ಚಾಕು ನಿಲ್ಲಲಿಲ್ಲ.

"ನೀವು ಇಷ್ಟು ಬೇಗ ಬರಬಾರದಿತ್ತು, ಮೋಳೇ."

ಅವರು ಯಾವಾಗಲೂ ನನ್ನನ್ನು ಹಾಗೆಯೇ ಕರೆಯುತ್ತಿದ್ದರು, ಮಗಳೇ ಎಂದು. ನಾನು ಆನೆಯ ವಿಷಯ ಹೇಳಿದೆ. ಎಲ್ಲವೂ ಸರಿಯಾಗಿರುವಂತೆ ಹೇಳಿದೆ ಎಂಬುದು ನೆನಪಿದೆ. ಆಮೇಲೆ ಕೇಳಿದೆ, "ಹಂದಿಗಳನ್ನೂ ಹೀಗೇ ಮಾಡ್ತೀರಾ?"

"ಮತ್ತೆ? ಗೌಡ್ರು ಅಲ್ಲಿ ಕೈ ಮುಗೀತಾರೆ, ನಾ ಇಲ್ಲಿ ಉರುಳು ಬಿಗೀತೇನೆ. ಎರಡೂ ಬೇಕು." ಅವರು ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು. ಚಾಕುವಿನ ತುದಿಯಿಂದ ಮರಿಯ ಕಡೆ ತೋರಿಸಿದರು. "ಆ ಮಾನ್‌ಕುಟ್ಟಿ ಬೇಕಾದ್ರೆ ತಗೊ. ಇಲ್ಲಿದ್ರೆ ನಾಯಿ ಬಿಡೋದಿಲ್ಲ."

ನಾನು ಅದನ್ನು ಎತ್ತಿಕೊಂಡು ಮನೆಗೆ ಬಂದೆ. ಬಿಳಿ ಲಂಗದ ಮೇಲೆ ಅದು ಉಚ್ಚೆ ಹೊಯ್ದಿತು.

ಅಜ್ಜ ಬಂದು ನೋಡಿದರು. ಎಲ್ಲಿ ಸಿಕ್ಕಿತು ಎಂದು ಕೇಳಲಿಲ್ಲ. "ತಂದದ್ದನ್ನು ಹೊರಗೆ ಹಾಕಿದ್ರೆ ಹಿಂಸೆ. ಇರಲಿ. ಆದ್ರೆ ಹೆಸರಿಡಬೇಡ, ಕಟ್ಟಬೇಡ. ಹೆಸರಿಟ್ಟರೆ ನನ್ನದು ಅನ್ನೋ ಆಸೆ ಬರುತ್ತೆ" ಎಂದರು. ನಾನು ಹೆಸರಿಡಲಿಲ್ಲ. ಮನಸ್ಸಿನಲ್ಲೂ ಇಡಲಿಲ್ಲ. ಅಷ್ಟು ಮಾತು ಕೇಳುವ ಮಗು ನಾನು.

ಕೆಲವು ವರ್ಷಗಳ ಮೇಲೆ, ಮೈಸೂರಿನಲ್ಲಿ ಎಂ.ಎ. ಓದುವಾಗ, ಒಂದು ಮಗು ಕಾಡುಪ್ರಾಣಿಯನ್ನು ಸಾಕುವ ಕಾದಂಬರಿಯೊಂದು ಪಠ್ಯವಾಗಿತ್ತು. ಎರಡೂ ಒಟ್ಟಿಗೆ ಸುಖವಾಗಿರುವ ಭಾಗ ಅಂಥ ಪುಸ್ತಕಗಳಲ್ಲಿ ಉದ್ದವಾಗಿರುತ್ತದೆ. ನನ್ನಲ್ಲಿ ಅದು ಚಿಕ್ಕದು. ಹಸುವಿನ ಹಾಲಿನಲ್ಲಿ ಕರುವಿನ ಪಾಲನ್ನು ಸ್ವಲ್ಪ ಕದ್ದು ಬಟ್ಟೆಯ ಬತ್ತಿಯಲ್ಲಿ ಕುಡಿಸಿದೆ, ಕರು ಬಡವಾಯಿತು. ಮರಿ ಉಳಿಯಿತು. ಶಾಲೆಯಿಂದ ಬರುವಾಗ ಕಾಫಿ ಗಿಡಗಳ ನಡುವೆ ಕಿವಿ ನಿಮಿರಿಸಿ ನಿಂತಿರುತ್ತಿತ್ತು. ನಮ್ಮ ಸಂಜೆಯ ಊಟದ ಹೊತ್ತು ಅದಕ್ಕೆ ಗೊತ್ತಿತ್ತು; ಅಡಿಗೆಮನೆಯ ಹಿಂದಿನ ಮೆಟ್ಟಿಲಿಗೆ ಬಂದು ಗೊರಸಿನಿಂದ ತಟ್ಟುತ್ತಿತ್ತು. ಅಂಗೈಯಲ್ಲಿ ಉಪ್ಪು ಹಿಡಿದರೆ ನೆಕ್ಕುತ್ತಿತ್ತು. ಅದು ಯಾರಿಗೂ ಹೆದರುತ್ತಿರಲಿಲ್ಲ. ಅದು ನನಗೆ ಹೆಮ್ಮೆಯ ವಿಷಯವಾಗಿತ್ತು.

ಒಂದೂವರೆ ವರ್ಷದಲ್ಲಿ ಅದಕ್ಕೆ ಕೊಂಬು ಮೊಳೆಯಿತು, ಗೇಣುದ್ದ, ಮೇಲೆ ಮೆತ್ತನೆಯ ತೊಗಲು. ಆ ಜೂನಿನಲ್ಲಿ ನಾಟಿಗೆಂದು ಹಾಕಿದ ಸಸಿಮಡಿಗೆ ಇಳಿಯಿತು. ಕಾವಲಿನವರು ಬೇಲಿ ಎತ್ತರಿಸಿದರು, ಅದು ಹಾರಿತು. ನಾಯಿಗಳನ್ನು ಬಿಟ್ಟರು, ಅದು ಓಡಿ ನಮ್ಮ ಅಂಗಳಕ್ಕೆ ಬಂದು ನಿಂತಿತು. ನಾಯಿಗಳಿಗೆ ಅಂಗಳ ದಾಟುವ ಅಭ್ಯಾಸವಿರಲಿಲ್ಲ. ಸಸಿಮಡಿ ಎರಡನೇ ಸಲ ಹಾಕಿಸಿದರು. ಅದನ್ನೂ ತಿಂದಿತು. ಮೂರನೇ ಸಲಕ್ಕೆ ಬೀಜದ ಭತ್ತ ಇರಲಿಲ್ಲ, ಹೊತ್ತೂ ಮೀರುತ್ತಿತ್ತು. ನಾವು ವರ್ಷವಿಡೀ ಉಣ್ಣುವುದು ಆ ಗದ್ದೆಯ ಅಕ್ಕಿಯನ್ನೇ. ಕಾವಲಿನವರ ಮನೆಗೂ ಅದರಲ್ಲೇ ಪಾಲು.

"ಕೊಂಬು ಬಂದ ಮೇಲೂ ಮಗು ಅನ್ಕೊಂಡಿದೆ" ಎಂದಳು ಅಮ್ಮ. ಅದಕ್ಕೆ ಹೇಳಿದಳೋ ನನಗೋ ತಿಳಿಯಲಿಲ್ಲ.

ಮಾರನೆಯ ಸಂಜೆ ಕಾವಲಿನವರು ಅಂಗಳದ ಅಂಚಿನಲ್ಲಿ ಬಂದು ನಿಂತರು. ಜಿಂಕೆ ಮೆಟ್ಟಿಲ ಹತ್ತಿರ ಇತ್ತು. ಅವರು ಅದನ್ನೂ ನೋಡಲಿಲ್ಲ, ನನ್ನನ್ನೂ ನೋಡಲಿಲ್ಲ.

"ಗೌಡ್ರೆ, ಒಂದು ಶಲ್ಯ ಉಂಟು."

ಅಜ್ಜ ಟವೆಲಿನಿಂದ ಕೈ ಒರೆಸಿಕೊಂಡರು. ಒರೆಸಿದ ಕೈಯನ್ನೇ ಮತ್ತೆ ಒರೆಸಿಕೊಂಡರು.

"ನಾಳೆ ನಾವು ಬಸದಿಗೆ ಹೋಗಿ ಬರ್ತೇವೆ."

ನಾನು ಅಳಲಿಲ್ಲ, ಬೇಡ ಎನ್ನಲಿಲ್ಲ. ಬೇಡ ಎನ್ನಬೇಕಾದರೆ ಆ ಮಾತಿನ ಅರ್ಥ ಏನೆಂದು ಮೊದಲು ಹೇಳಬೇಕಿತ್ತು. ನಮ್ಮ ಮನೆಯಲ್ಲಿ ಅದನ್ನು ಯಾರೂ ಹೇಳಿರಲಿಲ್ಲ. ಬೆಳಿಗ್ಗೆ ಬೇಗ ಎದ್ದು ಜಿಂಕೆಯನ್ನು ಉಪ್ಪು ತೋರಿಸಿ ಕಾಫಿ ಗೋದಾಮಿನೊಳಗೆ ಕರೆದುಕೊಂಡು ಹೋದೆ. ಬಾವಿಯ ಹಳೆಯ ಹಗ್ಗವನ್ನು ಅದರ ಕುತ್ತಿಗೆಗೆ ಹಾಕಿ ಕಂಬಕ್ಕೆ ಬಿಗಿದೆ. ಗಂಟು ಜಾರದಂತೆ ಎರಡು ಸಲ ಹಾಕಿದೆ. ಹೊರಗಿನಿಂದ ಅಗುಳಿ ಹಾಕಿದೆ. ನಮ್ಮ ಬಾಗಿಲನ್ನು ಕಾವಲಿನವರು ತೆಗೆಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಅದು ಸರಿಯಾಗಿತ್ತು. ಹುಟ್ಟಿದಾಗಿನಿಂದ ಹಗ್ಗವನ್ನೇ ಕಾಣದ ಪ್ರಾಣಿ ಅದು ಎಂಬುದನ್ನು ಮಾತ್ರ ನಾನು ಯೋಚಿಸಿರಲಿಲ್ಲ.

ನಾವು ಮಧ್ಯಾಹ್ನ ಮರಳಿದಾಗ ಕಾವಲಿನವರು ಅಂಗಳದ ಅಂಚಿನಲ್ಲೇ ಕುಳಿತಿದ್ದರು.

"ನಾ ಒಳಗೆ ಹೋಗ್ಲಿಲ್ಲ ಗೌಡ್ರೆ. ಬಾಗಿಲು ಮುಟ್ಟಲಿಲ್ಲ. ನಾಯಿಗಳು ವಾಸನೆ ಹಿಡಿದು ಹಿಂದಿನ ತೋಟದ ಕಡೆಯಿಂದ ಬಂದು ಗೋದಾಮು ಸುತ್ತಿ ಬೊಗಳಿದ್ವು. ಆಮೇಲೆ ಒಳಗೆ ಸದ್ದು."

ಗೋದಾಮಿನಲ್ಲಿ ಕಾಫಿ ಚೀಲಗಳನ್ನು ನೆಲದ ತೇವದಿಂದ ಎತ್ತಿಡಲು ಮರದ ಪಟ್ಟಿಗಳ ಅಟ್ಟಣೆ ಇತ್ತು. ಜಿಂಕೆ ಹಗ್ಗವನ್ನು ಕಂಬಕ್ಕೆ ಸುತ್ತಿ ಸುತ್ತಿ ಮೋಟು ಮಾಡಿಕೊಂಡಿತ್ತು. ಹಿಂಗಾಲು ಎರಡು ಪಟ್ಟಿಗಳ ನಡುವೆ ಇಳಿದು ಮೊಣಕಾಲಿನ ಕೆಳಗೆ ಮುರಿದಿತ್ತು. ಎಲುಬು ಹೊರಗೆ ಬಂದಿತ್ತು. ಹೊಸ ಕೊಂಬುಗಳ ತೊಗಲು ಹರಿದು ಮುಖದ ಮೇಲೆ ರಕ್ತ. ನನ್ನನ್ನು ನೋಡಿ ಅದು ಏಳಲು ನೋಡಿತು.

ಅಜ್ಜ ಕರೆದ ಮೇಲೆ ಕಾವಲಿನವರು ಬಂದು ಬಾಗಿಲ ಹೊರಗಿನಿಂದಲೇ ಹಗ್ಗ ನೋಡಿದರು. "ಯಾರು ಕಟ್ಟಿದ್ದು? ಒಳ್ಳೇ ಗಂಟು. ನನ್ನ ಉರುಳಿಗೆ ಇಂಥ ಗಂಟು ಬರೋದಿಲ್ಲ." ಆಮೇಲೆ ಮೆಲ್ಲಗೆ, "ಬಿಟ್ಟಿದ್ರೆ ಒಂದು ಗಳಿಗೆಯ ಕೆಲಸ ಆಗ್ತಿತ್ತು, ಮೋಳೇ."

ಪಟ್ಟಣದ ಪಶು ಆಸ್ಪತ್ರೆಗೆ ಒಯ್ಯುವ ಹಾಗಿರಲಿಲ್ಲ. ಮನೆಯಲ್ಲಿ ಜಿಂಕೆ ಇರುವುದೇ ಕೇಸು. ಅಜ್ಜ ಅರಿಶಿನ ಹಚ್ಚಿ ಬಿದಿರಿನ ದಬ್ಬೆ ಕಟ್ಟಿದರು. ಅದು ದಬ್ಬೆಯನ್ನು ಒದ್ದು ಕಳಚಿತು. ಎರಡನೆಯ ದಿನ ಕಾಲು ಊದಿತು. ಮೂರನೆಯ ದಿನ ವಾಸನೆ ಬಂತು. ನಾಲ್ಕನೆಯ ದಿನ ಹುಳ ಬಿದ್ದವು.

ಅಮ್ಮ ಆ ಹುಳಗಳನ್ನು ತೆಗೆದಳು. ಒಂದು ಬಾಳೆ ಎಲೆಯ ಚೂರು, ಒಂದು ತೆಂಗಿನ ಕಡ್ಡಿ. ಒಂದೊಂದೇ ಹುಳವನ್ನು ನೋಯದಂತೆ ಎತ್ತಿ ಎಲೆಯ ಮೇಲಿಡುವಳು. ಎಲೆ ತುಂಬಿದಾಗ ಹೊರಗೆ ಒಯ್ದು ನೆರಳಿನಲ್ಲಿ, ಕೋಳಿಗಳು ಬರದ ಕಡೆ, ಕೊಳೆತ ಹಲಸಿನ ಹಣ್ಣಿನ ಮೇಲೆ ಬಿಟ್ಟು ಬರುವಳು. ಅವೂ ಸಾಯಬಾರದು. ಎಲೆ ಒಯ್ಯುವ ಕೆಲಸವನ್ನು ಆಮೇಲೆ ನನಗೆ ಕೊಟ್ಟಳು. ಜಿಂಕೆ ಕಿರುಚುತ್ತಿರಲಿಲ್ಲ. ಹಲ್ಲು ಕಡಿಯುತ್ತಿತ್ತು. ಆ ಸದ್ದು ಅಡಿಗೆಮನೆಯವರೆಗೆ ಕೇಳುತ್ತಿತ್ತು.

ಅಜ್ಜ ಬೆಳಿಗ್ಗೆ ಸಂಜೆ ಅದರ ಕಿವಿಯ ಬಳಿ ಕುಳಿತು ಪಂಚನಮಸ್ಕಾರ ಮಂತ್ರ ಹೇಳುತ್ತಿದ್ದರು. ಅವರ ದನಿಯಲ್ಲಿ ಕಪಟವಿರಲಿಲ್ಲ. ಅದನ್ನು ನಾನು ಇಲ್ಲಿ ಬರೆಯಲೇಬೇಕು. ಅವರ ಕಣ್ಣಲ್ಲಿ ನೀರಿತ್ತು.

ನಾನು ಹೇಳಿದೆ, "ಅಜ್ಜ, ನಾಳೆ ಬಸದಿಗೆ ಹೋಗಿ ಬರೋಣ."

ಅವರು ಮಂತ್ರ ನಿಲ್ಲಿಸಿದರು. ನನ್ನ ಕಡೆ ತಿರುಗಿದರು. ಮನೆಯ ಆ ಮಾತನ್ನು ನಾನು ತಿಳಿದುಕೊಂಡಿದ್ದೇನೆ ಎಂದು ಅವರಿಗೆ ತಿಳಿದದ್ದು ಆಗಲೇ ಇರಬೇಕು.

"ಗದ್ದೆಯದು ಬೇರೆ. ಇದು ನಮ್ಮ ಸೂರಿನ ಕೆಳಗೆ ಇದೆ" ಎಂದರು. "ಅದರ ನೋವು ಅದು ಉಂಡು ಮುಗಿಸಬೇಕು. ನಡುವೆ ಕಸಿದುಕೊಳ್ಳೋಕೆ ನಾವು ಯಾರು?"

"ನಾನು ಕಟ್ಟಿದ್ದು, ಅಜ್ಜ."

"ಗೊತ್ತು. ಕಟ್ಟಬೇಡ ಅಂದಿದ್ದೆ" ಎಂದು ಹೇಳಿ ಮತ್ತೆ ಮಂತ್ರಕ್ಕೆ ಬಾಗಿದರು.

ಮರುದಿನ ಚತುರ್ದಶಿ. ಯಾವ ಕಾಟವಿಲ್ಲದಿದ್ದರೂ ಚತುರ್ದಶಿಗೆ ಅಜ್ಜ ಬಸದಿಗೆ ಹೋಗುವವರು, ಅಮ್ಮ ಜೊತೆಗೆ. ಆ ದಿನವೇ ನಾನು ಗದ್ದೆಗೆ ಇಳಿದೆ. ಕಾವಲಿನವರು ಏರುಮಾಡದ ಏಣಿಗೆ ಬಳ್ಳಿ ಬಿಗಿಯುತ್ತಿದ್ದರು.

"ನಾಳೆ ನಾವು ಬಸದಿಗೆ ಹೋಗಿ ಬರ್ತೇವೆ" ಎಂದೆ.

ಅವರು ಬಳ್ಳಿಯನ್ನು ಹಲ್ಲಿನಿಂದ ಬಿಡಿಸಿಕೊಂಡರು. "ಗೌಡ್ರು ಹೇಳಿದ್ರಾ?"

"ಇಲ್ಲ. ನಾನು ಹೇಳ್ತಿದ್ದೇನೆ."

"ಹಾಗಾದ್ರೆ ಆಗೋದಿಲ್ಲ."

"ಅದು ನರಳ್ತಿದೆ."

"ನನಗೂ ಕಿವಿ ಉಂಟು." ಅವರು ಕೆಳಗೆ ಕುಳಿತರು. ತಮಾಷೆಯ ದನಿ ಹೋಗಿತ್ತು. "ನೋಡು ಮೋಳೇ. ನಿಮ್ಮ ಮನೆಯಲ್ಲಿ ನಿಮ್ಮ ಅಜ್ಜನ ಕಾಲದಿಂದ ಒಂದು ಸೊಳ್ಳೆ ಸತ್ತಿಲ್ಲ. ಎಲ್ಲಾ ನನ್ನ ತಲೆ ಮೇಲೆ, ನಮ್ಮಪ್ಪನ ತಲೆ ಮೇಲೆ. ನಾ ಏನಾದ್ರೂ ಹೇಳಿದ್ದೀನಾ? ಆದ್ರೆ ಇದಕ್ಕೆ ನೀ ಕೈಯಲ್ಲಿ ಉಪ್ಪು ನೆಕ್ಕಿಸಿದ್ದೀಯ. ಇದು ನಿಂದು. ಬಸ್ಸು ಹತ್ತಬೇಡ. ನೀ ತಲೆ ಹಿಡ್ಕೊ, ನಾ ಹೊಡೀತೇನೆ. ಇಲ್ಲಾಂದ್ರೆ ಹುಳಕ್ಕೆ ಬಿಡು."

ಮರುದಿನ ಬೆಳಿಗ್ಗೆ ನಾನು ಹೊರಗಾಗಿದ್ದೇನೆ ಎಂದು ಅಮ್ಮನಿಗೆ ಹೇಳಿದೆ. ನಾನು ದೊಡ್ಡವಳಾಗಿ ಆಗ ಆರು ತಿಂಗಳು. ತಿಂಗಳ ಆ ಮೂರು ದಿನ ಬಸದಿಗೆ ಹೋಗುವಂತಿಲ್ಲ, ಒಳಗೆ ಬರುವಂತಿಲ್ಲ. ಗೋದಾಮಿನ ಪಕ್ಕದ ಕೋಣೆಯಲ್ಲಿರಬೇಕು. ಅಜ್ಜ ಇಂಥ ಮಾತನ್ನು ಕೇಳಿಸಿಕೊಳ್ಳುವವರಲ್ಲ, ಮುಖ ತಿರುಗಿಸಿ ಕೊಡೆ ತೆಗೆದುಕೊಂಡರು. ಅಮ್ಮನಿಗೆ ಮಾತ್ರ ನನ್ನ ದಿನಗಳು ನನಗಿಂತ ಚೆನ್ನಾಗಿ ಗೊತ್ತಿದ್ದವು. ಹನ್ನೆರಡು ದಿನದ ಹಿಂದೆ ನನ್ನ ಬಟ್ಟೆ ಒಗೆದು ಹಾಕಿದವಳು ಅವಳೇ. ಆದರೂ ಅವಳು ಸೋಸಿದ ನೀರಿನ ಕೊಡವನ್ನೂ ಸೋಸುವ ಬಟ್ಟೆಯನ್ನೂ ನನ್ನ ಕೈಗೆ ಎಟುಕುವಂತೆ ಹೊರಗಿನ ಜಗಲಿಯಲ್ಲಿಟ್ಟು, ಸೆರಗು ಸರಿಮಾಡಿಕೊಂಡು ಅಜ್ಜನ ಹಿಂದೆ ನಡೆದಳು.

ಬಸ್ಸಿನ ಸದ್ದು ದೂರವಾದ ಮೇಲೆ ಕಾವಲಿನವರು ಬಂದರು. ನಾಯಿಗಳನ್ನು ತಂದಿರಲಿಲ್ಲ. ಅಂಗಳದ ಅಂಚಿನಲ್ಲಿ ನಿಂತರು. ಬನ್ನಿ ಎಂದು ನಾನು ಹೇಳುವವರೆಗೆ ದಾಟಲಿಲ್ಲ.

ಗೋದಾಮಿನೊಳಗೆ ಮೂಗಿಗೆ ವಸ್ತ್ರ ಕಟ್ಟಿಕೊಂಡು ಕೊಡಲಿಯನ್ನು ತಿರುಗಿಸಿ ಹಿಡಿದರು, ಹಿಂಬದಿ ಕೆಳಗೆ ಬರುವಂತೆ. "ಕಣ್ಣಿಗೆ ಏನಾದ್ರೂ ಮುಚ್ಚು. ನೋಡ್ತಿದ್ರೆ ತಲೆ ಎಳೀತದೆ." ಜಗಲಿಯಲ್ಲಿ ಕೈಗೆ ಸಿಕ್ಕಿದ್ದು ನೀರು ಸೋಸುವ ಬಟ್ಟೆ. ಅದನ್ನು ಜಿಂಕೆಯ ಕಣ್ಣಿಗೆ ಕಟ್ಟಿದೆ. ಮಂಡಿಯೂರಿ ಕುಳಿತು ಎರಡು ಕೊಂಬುಗಳನ್ನು ಹಿಡಿದುಕೊಂಡೆ. ಅದು ನನ್ನ ಮಣಿಕಟ್ಟನ್ನು ನೆಕ್ಕಿತು. ಉಪ್ಪು ಇದೆ ಎಂದುಕೊಂಡಿರಬೇಕು.

"ನೀ ಬೇಕಾದ್ರೆ ಕಣ್ಣು ಮುಚ್ಕೊ" ಎಂದರು.

ನಾನು ಮುಚ್ಚಲಿಲ್ಲ. ಒಂದು ಏಟು ಎಂದಿದ್ದರು. ಎರಡು ಬೇಕಾಯಿತು. ಮೊದಲನೆಯದರಲ್ಲಿ ನನ್ನ ಕೈ ಅಲುಗಿತು.

ಆಮೇಲೆ ಅದನ್ನು ಮಣ್ಣು ಮಾಡಿ ಎಂದು ಕೇಳಿಕೊಂಡೆ. ಅವರು ಕೊಡಲಿ ಒರೆಸುತ್ತಾ ನನ್ನನ್ನು ನೋಡಿದರು. "ಹುಳಕ್ಕೆ ಎಲೆ ಹಾಕಿ ಬಡಿಸಿದ್ದೀರಿ. ನನ್ನ ಮಕ್ಕಳಿಗೆ ಬೇಡವಾ? ಈ ಸಲ ನಾಟಿ ಇಲ್ಲ. ಯಾಕೆ ಇಲ್ಲ ಅಂತ ನಿನಗೆ ಗೊತ್ತು." ಕೆಟ್ಟ ಕಾಲನ್ನು ತೊಡೆಯ ಸಮೇತ ಕಡಿದು ಅಲ್ಲೇ ಬಿಟ್ಟರು, ಉಳಿದದ್ದನ್ನು ಹೆಗಲಿಗೆ ಹಾಕಿಕೊಂಡು ಇಳಿದರು. ಕಾಲನ್ನು ನಾನು ಹಲಸಿನ ಬುಡದಲ್ಲಿ ಹೂತೆ. ಗೋದಾಮನ್ನು ಸೋಸದ ನೀರಿನಿಂದ ತೊಳೆದೆ. ಸೋಸಲು ಬಟ್ಟೆ ಇರಲಿಲ್ಲ. ಮಧ್ಯಾಹ್ನದ ಹೊತ್ತಿಗೆ ಕೆಳಗಿನ ಗುಡಿಸಿಲಿನಿಂದ ಹೊಗೆ ಎದ್ದಿತು.

ಅಜ್ಜ ಬಂದು ಬರಿದಾದ ಗೋದಾಮಿನ ಬಾಗಿಲಲ್ಲಿ ನಿಂತರು. ಒದ್ದೆ ನೆಲ ನೋಡಿದರು.

"ಯಾವಾಗ ಹೋಯ್ತು?"

"ನೀವು ಹೋದ ಸ್ವಲ್ಪ ಹೊತ್ತಿಗೆ."

"ಶಾಂತವಾಗಿ?"

ಅವರ ಮುಖ ನೋಡಿದೆ. ಅವರಿಗೆ ಬೇಕಾಗಿದ್ದ ಉತ್ತರ ಒಂದೇ ಇತ್ತು. "ಹೌದು, ಅಜ್ಜ."

"ನಾನು ಅಭಿಷೇಕದ ಹೊತ್ತಿಗೆ ಅದಕ್ಕಾಗಿಯೇ ಬೇಡಿಕೊಂಡೆ. ಮಂತ್ರ ಕೇಳಿಸಿಕೊಂಡು ಹೋದ ಜೀವ. ಒಳ್ಳೇ ಗತಿ ಸಿಗುತ್ತೆ." ದೇಹ ಎಲ್ಲಿ ಎಂದು ಅವರು ಕೇಳಲಿಲ್ಲ. ಕೆಳಗಿನಿಂದ ಗಾಳಿ ಬರುತ್ತಿತ್ತು. ಒಳಗೆ ಹೋಗಿ ಗದ್ದೆಯ ಕಡೆಯ ಕಿಟಕಿ ಮುಚ್ಚಿದರು.

ಅಮ್ಮ ಜಗಲಿಯ ಕೊಡ ನೋಡಿದಳು, ಬಟ್ಟೆ ಹುಡುಕಲಿಲ್ಲ. ಪೆಟ್ಟಿಗೆಯಿಂದ ತನ್ನ ಹಳೆಯ ಬಿಳಿ ಸೀರೆ ತೆಗೆದು ಒಂದು ತುಂಡು ಹರಿದು ನನ್ನ ಕೋಣೆಯ ಹೊಸ್ತಿಲ ಮೇಲೆ ಇಟ್ಟಳು. ನನ್ನ ಸುಳ್ಳು ಕೆಡದಂತೆ ಮೂರು ದಿನವೂ ಊಟವನ್ನು ಹೊರಗೇ ಕೊಟ್ಟಳು.

ಮರುವರ್ಷ ಬೀಜ ಎರವಲು ತಂದು ಗದ್ದೆ ನಾಟಿಯಾಯಿತು, ಚೆನ್ನಾಗಿ ಬೆಳೆಯಿತು. ತೆನೆ ಹಾಲುಗಟ್ಟುವ ಹೊತ್ತಿಗೆ ಒಂದು ಸಂಜೆ ಕಾವಲಿನವರು ಅಂಗಳದ ಅಂಚಿನಲ್ಲಿ ಬಂದು ನಿಂತರು. ಗೌಡ್ರೆ ಎಂದು ಕರೆದದ್ದು ಅಜ್ಜನನ್ನು, ನೋಡಿದ್ದು ನನ್ನ ಕಡೆಗೆ. ಅಜ್ಜ ಹೇಳುವ ಮಾತನ್ನು ಹೇಳಿದರು.

ಬೆಳಿಗ್ಗೆ ನೀರು ಸೋಸಿ, ಬಟ್ಟೆ ತೊಳೆದ ನೀರನ್ನು ಕೊಡದಲ್ಲಿ ಮೆಲ್ಲನೆ ಬಾವಿಗೆ ಇಳಿಸಿದೆ. ಹೊರಗಾಗಿದ್ದೇನೆ ಎಂದು ಆ ದಿನವೂ ಹೇಳಬಹುದಿತ್ತು. ಅಮ್ಮ ಬಾಗಿಲಲ್ಲಿ ನಿಂತು ಒಂದು ಗಳಿಗೆ ನನಗಾಗಿ ಕಾದಳು ಕೂಡ. ನಾನು ಬಿಳಿ ಬಟ್ಟೆ ಉಟ್ಟು, ಅರ್ಪಿಸುವ ಅಕ್ಕಿಯ ಗಂಟು ಹಿಡಿದು, ಅವರಿಬ್ಬರಿಗಿಂತ ಮೊದಲು ಬಸ್ಸು ಹತ್ತಿ ಕಿಟಕಿಯ ಪಕ್ಕ ಕುಳಿತೆ.